ಚರ್ಚ್ ಅಂಗಳದಲ್ಲಿ ಮಾಜಿ ಸೈನಿಕರಿಗೆ ಗೌರವ: ಹಿನ್ನೆಲೆ, ದಿನಗಳು, ದಾಖಲೆಗಳು

ಬೆಳಗಾವಿ: ಆಗಸ್ಟ್ 15 ಕ್ಯಾಥೋಲಿಕ್ ಕ್ರೈಸ್ತರಿಗೆ ಜೋಡಿ ಹಬ್ಬ. ಮಾತೆ ಮರಿಯಮ್ಮನವರ ಸ್ವರ್ಗಾರೋಹಣದ ಬಲಿಪೂಜೆಯೂ ಸ್ವಾತಂತ್ರ್ಯೋತ್ಸವದ ಧ್ವಜಾರೋಹಣವೂ ಒಂದೇ ದಿನ ಬರುತ್ತವೆ. ಇಂತಹ ಸಮಾರಂಭಗಳಿಗೆ ಮಾಜಿ ಸೈನಿಕರನ್ನು ಆಹ್ವಾನಿಸಿ, ಶಾಲು ಹೊದಿಸಿ, ಹಾರ ಹಾಕಿ ಸತ್ಕರಿಸುವುದುಂಟು.

ಚರ್ಚ್ ಮತ್ತು ಸೇನೆಯ ನಂಟು ಈ ಭಾಗಕ್ಕೆ ಹೊಸದಲ್ಲ. 1818ರಲ್ಲಿ ಬೆಳಗಾವಿ ಕೋಟೆ ಬ್ರಿಟಿಷರ ವಶವಾದ ನಂತರ ಬೆಳೆದ ದಂಡು ಪ್ರದೇಶದಲ್ಲಿ ಸೈನಿಕರಿಗಾಗಿಯೇ ಚರ್ಚ್‌ಗಳು ತಲೆಯೆತ್ತಿದವು. ಬೆಂಗಳೂರಿನ ಟ್ರಿನಿಟಿ ಚರ್ಚ್ (1851) ಕೂಡ ಇದೇ ಬಗೆಯದು. ಅದರ ಗೋಡೆಗಳ ಮೇಲೆ ಇಂದಿಗೂ ಸೇನಾಧಿಕಾರಿಗಳ ಸ್ಮಾರಕ ಫಲಕಗಳಿವೆ. ಮೊದಲ ಮಹಾಯುದ್ಧ 1918ರ ನವೆಂಬರ್ 11ರಂದು ನಿಂತ ನೆನಪಿಗೆ, ಆ ದಿನಕ್ಕೆ ಸಮೀಪದ ಭಾನುವಾರ ಮಡಿದವರಿಗಾಗಿ ಪ್ರಾರ್ಥಿಸುವ ಪದ್ಧತಿ ಬಂದದ್ದು ಇಂತಹ ಚರ್ಚ್‌ಗಳ ಮೂಲಕವೇ.

ಆದರೆ ಅದು ಮಡಿದವರ ದಿನ. ಬದುಕಿರುವವರ ದಿನ ಜನವರಿ 14. ಭಾರತೀಯ ಸೇನೆಯ ಮೊದಲ ಭಾರತೀಯ ಮಹಾದಂಡನಾಯಕ, ಕೊಡಗಿನ ಕೆ.ಎಂ. ಕಾರ್ಯಪ್ಪ ಅವರು 1953ರಲ್ಲಿ ನಿವೃತ್ತರಾದ ದಿನವದು. 2016ರಿಂದ ಅದನ್ನು ಮಾಜಿ ಸೈನಿಕರ ದಿನವಾಗಿ ಆಚರಿಸಲಾಗುತ್ತಿದೆ. ಸಂಕ್ರಾಂತಿಯ ಗಡಿಬಿಡಿಯಲ್ಲಿ ಅದು ಮರೆತುಹೋಗುವುದೇ ಹೆಚ್ಚು. ಡಿಸೆಂಬರ್ 7ರ ಧ್ವಜ ದಿನ (1949ರಿಂದ) ನಿಧಿ ಸಂಗ್ರಹಕ್ಕೆ ಮೀಸಲು. ಜುಲೈ 26 ಕಾರ್ಗಿಲ್ ವಿಜಯದ ದಿನ.

ಗೋಕಾಕ, ಅದರಿಂದ ಬೇರ್ಪಟ್ಟು ತಾಲ್ಲೂಕಾದ ಮೂಡಲಗಿ ಹಾಗೂ ಹುಕ್ಕೇರಿಯ ಯುವಕರಿಗೆ ಸೇನೆಯೆಂದರೆ ಮೊದಲು ನೆನಪಾಗುವುದು ಬೆಳಗಾವಿಯ ಮರಾಠಾ ಲಘು ಪದಾತಿದಳದ ಕೇಂದ್ರ. 'ಮಾಜಿ ಸೈನಿಕ' ಎಂದೊಡನೆ ನರೆಗೂದಲ ಅಜ್ಜನ ಚಿತ್ರ ಮೂಡುತ್ತದೆ. ವಾಸ್ತವ ಬೇರೆ. ಸಿಪಾಯಿಗೆ ಪಿಂಚಣಿ ದೊರೆಯಲು 15 ವರ್ಷಗಳ ಸೇವೆ ಸಾಕು. ಹೀಗಾಗಿ ನಲವತ್ತರ ಒಳಗೇ ಊರಿಗೆ ಮರಳುವವರು ಬಹಳ. ಅವರಿಗೆ ಶಾಲಿಗಿಂತ ಬೇಕಾದದ್ದು ಎರಡನೆಯ ಉದ್ಯೋಗ.

ವಿಧವೆಯರ ಪಾಡು ಇನ್ನೂ ಕಠಿಣ. ಸೇನಾ ದಾಖಲೆಯಲ್ಲಿ ಪತ್ನಿಯ ಹೆಸರು ಒಂದು ಬಗೆ, ಆಧಾರ್‌ನಲ್ಲಿ ಇನ್ನೊಂದು ಬಗೆ, ಜನ್ಮದಿನಾಂಕವೂ ಹೊಂದುವುದಿಲ್ಲ. ಪತಿ ತೀರಿಕೊಂಡ ಮೇಲೆ ಈ ವ್ಯತ್ಯಾಸದಿಂದಲೇ ಕುಟುಂಬ ಪಿಂಚಣಿ ತಡವಾಗುತ್ತದೆ. ತಿದ್ದುಪಡಿಯನ್ನು ಸೈನಿಕ ಬದುಕಿರುವಾಗಲೇ ಮಾಡಿಸುವುದು ಸುಲಭ. ಸನ್ಮಾನದ ದಿನವೇ ಈ ಕಾಗದಪತ್ರಗಳ ಪರಿಶೀಲನೆಗೂ ಒಂದು ಮೇಜು ಹಾಕಿದರೆ ಖರ್ಚೇನೂ ಬಾರದು.

ಅರ್ಜಿ ಹಾಗೂ ಮಾರ್ಗದರ್ಶನಕ್ಕೆ ಬೆಳಗಾವಿಯಲ್ಲಿರುವ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯನ್ನು ಸಂಪರ್ಕಿಸಬೇಕು. ಚಿಕಿತ್ಸೆಗೆ 2003ರ ಏಪ್ರಿಲ್ 1ರಂದು ಜಾರಿಗೆ ಬಂದ ಮಾಜಿ ಸೈನಿಕರ ಆರೋಗ್ಯ ಯೋಜನೆ (ಇಸಿಎಚ್‌ಎಸ್) ಇದ್ದು, ಅದರ ಪಾಲಿಕ್ಲಿನಿಕ್ ಕೂಡ ಬೆಳಗಾವಿಯಲ್ಲಿದೆ. ಸೇವಾ ದಾಖಲೆಗಳು ಮಾತ್ರ ಆಯಾ ರೆಜಿಮೆಂಟಿನ ದಾಖಲೆ ಕಚೇರಿಯಲ್ಲಿರುತ್ತವೆ: ಮರಾಠಾ ದಳದವರಿಗೆ ಬೆಳಗಾವಿ, ಮದ್ರಾಸ್ ಸ್ಯಾಪರ್ಸ್‌ನವರಿಗೆ ಬೆಂಗಳೂರು, ಮದ್ರಾಸ್ ರೆಜಿಮೆಂಟಿನವರಿಗೆ ನೀಲಗಿರಿಯ ವೆಲಿಂಗ್ಟನ್.