ತೋಳಿನೊಳಗಿನ ದಾರಿ

ಡಯಾಲಿಸಿಸ್‌ನ ಚರಿತ್ರೆ ಯಂತ್ರದ್ದಷ್ಟೇ ಅಲ್ಲ, ರಕ್ತನಾಳದ್ದೂ ಹೌದು. 1943ರಲ್ಲಿ ನೆದರ್ಲೆಂಡ್ಸ್‌ನ ಕಾಂಪೆನ್‌ನಲ್ಲಿ ವಿಲ್ಲೆಮ್ ಕೋಲ್ಫ್ ಕೃತಕ ಮೂತ್ರಪಿಂಡ ಬಳಸಿದಾಗ ಪ್ರತಿ ಸಲವೂ ನಾಳಕ್ಕೆ ಹೊಸ ದಾರಿ ಮಾಡಬೇಕಿತ್ತು. ನಾಳಗಳು ಮುಗಿದರೆ ಚಿಕಿತ್ಸೆಯೂ ಮುಗಿಯುತ್ತಿತ್ತು.

1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನ್ ಕೊಳವೆಯನ್ನು ತೋಳಿನಲ್ಲೇ ಉಳಿಸಿದರು. ಸಾವಿನಂಚಿನಲ್ಲಿದ್ದ ಕ್ಲೈಡ್ ಶೀಲ್ಡ್ಸ್ ಡಯಾಲಿಸಿಸ್ ನೆರವಿನಿಂದ ಇನ್ನೂ 11 ವರ್ಷ ಬದುಕಿದರು. 1966ರಲ್ಲಿ ನ್ಯೂಯಾರ್ಕಿನ ಬ್ರೆಸಿಯಾ, ಸಿಮಿನೊ ಮತ್ತು ಸಂಗಡಿಗರು ಮಣಿಕಟ್ಟಿನ ಬಳಿ ಅಪಧಮನಿಯನ್ನು ಅಭಿಧಮನಿಗೆ ಜೋಡಿಸುವ ಫಿಸ್ಟುಲಾವನ್ನು ವರದಿ ಮಾಡಿದರು. ಹೊರಗಿನ ಕೊಳವೆ ಬೇಡವಾಯಿತು.

ಆದರೆ ಯಾವ ನಾಳ ತಕ್ಕದ್ದು? ಬೆರಳಿಂದ ಮುಟ್ಟಿ ನೋಡಬೇಕಿತ್ತು. ಆಳದ್ದು ಬೆರಳಿಗೆ ಸಿಗದು. ಮುಂದೆ ಅಲ್ಟ್ರಾಸೌಂಡ್ ಬಂದು ನಾಳದ ಅಗಲ, ಹರಿವು, ಕಿರಿದಾದ ಜಾಗಗಳನ್ನು ಪರದೆಯ ಮೇಲೆ ತೋರಿಸಿತು. ವಾರಕ್ಕೆ ಮೂರು ಬಾರಿ ಸೂಜಿ ಚುಚ್ಚಿಸಿಕೊಳ್ಳುವವರಿಗೆ ಒಂದು ನಾಳ ಉಳಿದರೂ ದೊಡ್ಡದೇ.