ಬರದ ಸಂಹಿತೆಯಿಂದ ನೆರೆಯ ಹಗ್ಗದವರೆಗೆ: ಬಾಗಲಕೋಟೆ ಸೀಮೆಯಲ್ಲಿ ವಿಪತ್ತು ತರಬೇತಿ

ಬಾಗಲಕೋಟೆ, ಬಾದಾಮಿ, ಹುನಗುಂದ ಮತ್ತು ಇಳಕಲ್ ಮಳೆ ಕಡಿಮೆ ಬೀಳುವ ಸೀಮೆಯ ಊರುಗಳಾದರೂ ಸಹ್ಯಾದ್ರಿಯ ಮಳೆಯನ್ನು ಹೊತ್ತು ತರುವ ಕೃಷ್ಣೆ, ಘಟಪ್ರಭೆ, ಮಲಪ್ರಭೆಗಳು ಈ ಸೀಮೆಯನ್ನೇ ಹಾಯ್ದು ಹೋಗುವುದರಿಂದ, ಬರ ಮತ್ತು ನೆರೆ ಎರಡನ್ನೂ ಒಂದೇ ನೆಲ ಉಂಡಿದೆ. ಈ ಎರಡು ಸಂಕಟಗಳಿಗೆ ಜನರನ್ನು ಮುಂಚಿತವಾಗಿ ಅಣಿಗೊಳಿಸುವ ಕೆಲಸವನ್ನು ಸರ್ಕಾರ ತನ್ನ ಖರ್ಚಿನಲ್ಲಿ ಕೈಗೆತ್ತಿಕೊಂಡ ಬಗೆಯನ್ನು ಕಾಲಾನುಕ್ರಮದಲ್ಲಿ ನೋಡಿದರೆ ಒಂದು ವಿಚಿತ್ರ ಕ್ರಮ ಕಾಣುತ್ತದೆ. ಸರ್ಕಾರ ಮೊದಲು ಅಧಿಕಾರಿಗೆ ಕಲಿಸಿತು, ಆಮೇಲೆ ಸಮವಸ್ತ್ರದ ಸ್ವಯಂಸೇವಕನಿಗೆ, ಕಟ್ಟಕಡೆಗೆ ಊರಿನ ಸಾಮಾನ್ಯನಿಗೆ. ನೀರು ಏರಿದಾಗ ಸ್ಥಳಕ್ಕೆ ತಲುಪುವವರ ಸರದಿ ಮಾತ್ರ ಇದಕ್ಕೆ ಸರಿಯಾಗಿ ತಿರುವುಮುರುವು.

ಮೊದಲ ಘಟ್ಟ ಬರದ್ದು. 1864ರಿಂದ ಈ ಸೀಮೆ ಸೇರಿದ್ದ ಜಿಲ್ಲೆಯ ಹೆಸರು ಕಲಾದಗಿ. ಇಂದು ಬಾಗಲಕೋಟೆ ತಾಲೂಕಿನ ಒಂದು ಗ್ರಾಮವಾಗಿರುವ ಕಲಾದಗಿಯೇ ಆಗ ಜಿಲ್ಲೆಯ ಕೇಂದ್ರಸ್ಥಾನವಾಗಿತ್ತು, ಅದು ವಿಜಾಪುರಕ್ಕೆ ಸ್ಥಳಾಂತರಗೊಂಡದ್ದು ಎರಡು ದಶಕಗಳ ನಂತರ. 1876–78ರ ಮಹಾಬರ ಈ ಜಿಲ್ಲೆಯನ್ನು ಎಷ್ಟು ಹಿಂಡಿತೆಂದರೆ, 1872ರಲ್ಲಿ 8 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರ ಗಣತಿಯ ಹೊತ್ತಿಗೆ ಸುಮಾರು 6.4 ಲಕ್ಷಕ್ಕೆ ಇಳಿದಿತ್ತು. ಇದರ ಬೆನ್ನಿಗೆ ನೇಮಕವಾದ ಕ್ಷಾಮ ಆಯೋಗ 1880ರಲ್ಲಿ ವರದಿ ಕೊಟ್ಟಿತು, 1883ರಲ್ಲಿ ಕ್ಷಾಮ ಸಂಹಿತೆಯ ಕರಡು ಸಿದ್ಧವಾಯಿತು. ಬರದ ಲಕ್ಷಣ ಕಂಡಾಗ ಯಾರು ಯಾರಿಗೆ ವರದಿ ಮಾಡಬೇಕು, ಪರಿಹಾರ ಕಾಮಗಾರಿಯನ್ನು ಯಾವಾಗ ತೆರೆಯಬೇಕು, ದುಡಿಯಲಾರದವರಿಗೆ ಅನ್ನ ಹೇಗೆ ತಲುಪಬೇಕು ಎಂಬುದನ್ನು ಕಲೆಕ್ಟರನಿಂದ ಹಿಡಿದು ಗೌಡ-ಕುಲಕರ್ಣಿಯವರೆಗೆ ವಿಧಿಸಿದ ನಿಯಮಗಳ ಕಟ್ಟೇ ಈ ಸಂಹಿತೆ. ಬರಗಾಲದಲ್ಲಿ ಧಾನ್ಯ ಸಾಗಿಸುವ ಉದ್ದೇಶವೂ ಸೇರಿ ಹಾಕಲಾದ ಹೊಟಗಿ–ಗದಗ ರೈಲು ಮಾರ್ಗ ಬಾಗಲಕೋಟೆ, ಬಾದಾಮಿಗಳ ಮೂಲಕ ಹಾಯ್ದದ್ದೂ ಇದೇ ದಶಕದಲ್ಲಿ. ಆದರೆ ಇದೆಲ್ಲ ಕಾಗದದ ಸಿದ್ಧತೆ. ಬರ ತಿಂಗಳುಗಟ್ಟಲೆ ಸಮಯ ಕೊಟ್ಟು ಬರುವ ವಿಪತ್ತಾದ್ದರಿಂದ ಕಾಗದ ಅದಕ್ಕೆ ಒಂದು ಮಟ್ಟಿಗೆ ಸಾಕಾಗುತ್ತಿತ್ತು. ಹೊಳೆಯ ನೀರು ಅಷ್ಟು ಸಮಯ ಕೊಡುವುದಿಲ್ಲ.

ಎರಡನೆಯ ಘಟ್ಟ ಮುಂಬಯಿಯಿಂದ ಬಂದಿತು. 1956ರ ಏಕೀಕರಣದವರೆಗೆ ಈ ನಾಲ್ಕೂ ಊರುಗಳು ಮುಂಬಯಿಯ ಆಡಳಿತದಲ್ಲಿ ಇದ್ದುದರಿಂದ, ಅಲ್ಲಿ ಹುಟ್ಟಿದ ಸಂಸ್ಥೆಗಳೇ ಇಲ್ಲಿಗೂ ಮಾದರಿಯಾದವು. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನಲ್ಲಿ ಮದ್ದುಗುಂಡು ತುಂಬಿದ ಹಡಗು ಸಿಡಿದು 66 ಅಗ್ನಿಶಾಮಕ ಸಿಬ್ಬಂದಿ ಸತ್ತರು. ದೇಶದ ಅಗ್ನಿಶಾಮಕ ಪಡೆಗಳು ಇಂದಿಗೂ ಆ ದಿನವನ್ನು ಸ್ಮರಣೆಯ ದಿನವಾಗಿ ಆಚರಿಸುತ್ತವೆ. 1946ರ ಡಿಸೆಂಬರ್‌ನಲ್ಲಿ, ಕೋಮುಗಲಭೆಗಳ ಹಿನ್ನೆಲೆಯಲ್ಲಿ, ಅದೇ ಪ್ರಾಂತದಲ್ಲಿ ಗೃಹರಕ್ಷಕ ದಳ, ಅಂದರೆ ಬೇರೆ ವೃತ್ತಿಯಲ್ಲಿದ್ದುಕೊಂಡೇ ಕರೆ ಬಂದಾಗ ಪೊಲೀಸರಿಗೆ ನೆರವಾಗುವ ಸ್ವಯಂಸೇವಕರ ಪಡೆ, ರೂಪುಗೊಂಡಿತು. ಮೈಸೂರು ರಾಜ್ಯ ತನ್ನದೇ ಗೃಹರಕ್ಷಕ ಕಾಯ್ದೆಯನ್ನು 1962ರಲ್ಲಿ ತಂದಿತು, ಅಗ್ನಿಶಾಮಕ ದಳದ ಕಾಯ್ದೆಯನ್ನು 1964ರಲ್ಲಿ. ಇವರಿಗೆ ಕಲಿಸುವವರನ್ನು ತಯಾರು ಮಾಡಲು ಕೇಂದ್ರ ಸರ್ಕಾರ 1957ರಲ್ಲಿ ನಾಗಪುರದಲ್ಲಿ ಸ್ಥಾಪಿಸಿದ ತುರ್ತು ಪರಿಹಾರ ತರಬೇತಿ ಸಂಸ್ಥೆಯೇ ಮುಂದೆ ರಾಷ್ಟ್ರೀಯ ನಾಗರಿಕ ರಕ್ಷಣಾ ಕಾಲೇಜು ಎನಿಸಿತು.

ನಾಗರಿಕ ರಕ್ಷಣೆ ಎಂಬುದು ಮೂಲತಃ ಯುದ್ಧಕಾಲದ ಕಲ್ಪನೆ: ವೈರಿಯ ವಿಮಾನ ಬಾಂಬು ಹಾಕಿದಾಗ ದೀಪ ಆರಿಸುವುದು, ಅವಶೇಷದಡಿ ಸಿಲುಕಿದವರನ್ನು ಎತ್ತುವುದು, ಗಾಯಾಳುವನ್ನು ಸಾಗಿಸುವುದು. 1968ರ ಕಾಯ್ದೆ ಅದನ್ನು ಹಾಗೆಯೇ ಅರ್ಥೈಸಿತು. ವಿಪತ್ತು ನಿರ್ವಹಣೆಯನ್ನು ಅದರ ವ್ಯಾಪ್ತಿಗೆ ಸೇರಿಸಿದ್ದು 2009ರ ತಿದ್ದುಪಡಿ. ನಾಗರಿಕ ರಕ್ಷಣೆಯ ಭೂಪಟ ಮಾತ್ರ ಅಷ್ಟು ಬೇಗ ಬದಲಾಗಲಿಲ್ಲ. 2025ರ ಮೇ 7ರಂದು ದೇಶದಾದ್ಯಂತ ನಡೆದ ಅಣಕು ಕಾರ್ಯಾಚರಣೆಗೆ ಕರ್ನಾಟಕದಿಂದ ಗುರುತಿಸಲಾದ ಸ್ಥಳಗಳು ಬೆಂಗಳೂರು, ಕಾರವಾರ ಮತ್ತು ರಾಯಚೂರು. ವೈರಿಯ ಕಣ್ಣು ಬೀಳುವ ನೌಕಾನೆಲೆ, ವಿದ್ಯುತ್ ಸ್ಥಾವರಗಳ ಲೆಕ್ಕದಲ್ಲಿ ಆ ಆಯ್ಕೆ ಸರಿಯೇ ಇರಬಹುದು, ಹೊಳೆಯ ಲೆಕ್ಕ ಬೇರೆ.

ಆ ಲೆಕ್ಕವನ್ನು ಮಲಪ್ರಭೆ ಎರಡು ಬಾರಿ ಕಟುವಾಗಿ ಮುಂದಿಟ್ಟಿದೆ. 2009ರ ಸೆಪ್ಟೆಂಬರ್ ಕೊನೆಯಲ್ಲಿ ಸುರಿದ ಅಕಾಲಿಕ ಮಳೆ ಉತ್ತರ ಕರ್ನಾಟಕದಲ್ಲಿ ಇನ್ನೂರಕ್ಕೂ ಹೆಚ್ಚು ಜೀವಗಳನ್ನು ಬಲಿ ತೆಗೆದುಕೊಂಡಿತು, ಮುಳುಗಿದ ಊರುಗಳನ್ನು ಎತ್ತರದ ಜಾಗಕ್ಕೆ ಸಾಗಿಸಲು ‘ಆಸರೆ’ ಎಂಬ ಮನೆಗಳು ಎದ್ದವು. 2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಜಲಾಶಯದಿಂದ ಬಿಟ್ಟ ನೀರು ಪಟ್ಟದಕಲ್ಲಿನ ಗುಡಿಗಳನ್ನು ಸುತ್ತುವರಿಯಿತು. 1970ರ ದಶಕದ ಆರಂಭದಲ್ಲಿ ಆ ಅಣೆಕಟ್ಟು ಪೂರ್ಣಗೊಂಡ ಮೇಲೆ ಕೆಳಹರಿವಿನ ಮಲಪ್ರಭೆ ವರ್ಷದ ಬಹುಭಾಗ ಸಣ್ಣ ಹಳ್ಳದಂತೆ ಹರಿಯತೊಡಗಿ, ಪಾತ್ರದ ಅಂಚನ್ನು ಹೊಲ ನುಂಗಿತು, ಉಳಿದದ್ದನ್ನು ಬಳ್ಳಾರಿ ಜಾಲಿ ಆವರಿಸಿತು. ಹೊಳೆ ಕಿರಿದಾದದ್ದರ ಜೊತೆಗೆ ಹೊಳೆಯ ವಿದ್ಯೆಯೂ ಕಿರಿದಾಯಿತೆಂದು ಹೇಳಬಹುದು. ನಿತ್ಯ ಹರಿಗೋಲು ಬೇಡದ ದಂಡೆಯಲ್ಲಿ ಹರಿಗೋಲು ಹಾಕುವವನು ಉಳಿಯುವುದಿಲ್ಲ. ಆಲಮಟ್ಟಿಯ ಹಿನ್ನೀರಿನ ಕಡೆ ಕೃಷ್ಣೆಯ ಅಂಬಿಗರಿಗೆ ಮೀನುಗಾರಿಕೆಯಿಂದಾಗಿ ಆ ವಿದ್ಯೆ ಉಳಿದಿದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳ ಅಪಾಯ ಇನ್ನೊಂದು ಬಗೆಯದು: ಅಲ್ಲಿ ಕಾರ್ಮಿಕನಿಗೆ ತರಬೇತಿ ಕೊಡುವ ಹೊಣೆಯನ್ನು 1966ರ ಗಣಿ ವೃತ್ತಿ ತರಬೇತಿ ನಿಯಮಗಳು ಸರ್ಕಾರದ ಮೇಲಲ್ಲ, ಮಾಲೀಕನ ಮೇಲೆ ಹೊರಿಸಿವೆ.

ಊರಿನ ಸಾಮಾನ್ಯನನ್ನು ಹೆಸರಿಟ್ಟು ಕರೆದದ್ದು ಮೂರನೆಯ ಘಟ್ಟ. 2005ರ ವಿಪತ್ತು ನಿರ್ವಹಣಾ ಕಾಯ್ದೆ ಪ್ರತಿ ಜಿಲ್ಲೆಗೂ ಜಿಲ್ಲಾಧಿಕಾರಿಯ ಅಧ್ಯಕ್ಷತೆಯ ಒಂದು ಪ್ರಾಧಿಕಾರವನ್ನು ವಿಧಿಸಿತು. ಅದರಡಿ ಹುಟ್ಟಿದ ರಾಷ್ಟ್ರೀಯ ಪ್ರಾಧಿಕಾರ 2016ರಲ್ಲಿ ‘ಆಪದ ಮಿತ್ರ’ ಯೋಜನೆಯನ್ನು 30 ಜಿಲ್ಲೆಗಳಲ್ಲಿ ಪ್ರಯೋಗಿಸಿ, 2021ರಲ್ಲಿ 350 ಜಿಲ್ಲೆಗಳ 1 ಲಕ್ಷ ಸ್ವಯಂಸೇವಕರಿಗೆ ವಿಸ್ತರಿಸಿತು. ಹನ್ನೆರಡು ದಿನಗಳ ವಸತಿ ಸಹಿತ ತರಬೇತಿಗೆ ಶುಲ್ಕವಿರಲಿಲ್ಲ. ಕೊನೆಗೆ ಒಂದು ತುರ್ತು ಸಲಕರಣೆ ಚೀಲವೂ ವಿಮೆಯೂ ದೊರೆಯುತ್ತಿದ್ದವು.

ಇಂಥ ತರಬೇತಿಗಳ ತಿರುಳು ಭಾಷಣದಲ್ಲಿಲ್ಲ, ಹಗ್ಗದಲ್ಲಿದೆ. ದನ ಕಟ್ಟುವ ಕೈಗೆ ಜೀರುಗುಣಿಕೆ ಸಹಜವಾಗಿ ಬರುತ್ತದೆ, ಆದರೆ ಸೆಳವಿನಲ್ಲಿರುವವನ ಎದೆಗೆ ಅದನ್ನು ಹಾಕಿ ಎಳೆದರೆ ಉಸಿರೇ ಕಟ್ಟುತ್ತದೆ. ಅದಕ್ಕೆ ಬದಲಾಗಿ ಹಗ್ಗದಲ್ಲಿ ಒಂದು ಚಿಕ್ಕ ಕುಣಿಕೆ ಮಾಡಿ, ತುದಿಯನ್ನು ಕೆಳಗಿನಿಂದ ಅದರೊಳಗೆ ತೂರಿಸಿ, ಉದ್ದ ಹಗ್ಗದ ಹಿಂದಿನಿಂದ ಸುತ್ತಿ, ಅದೇ ಕುಣಿಕೆಯೊಳಗೆ ಮರಳಿ ಇಳಿಸಿ ಬಿಗಿಯುವುದನ್ನು ಕಲಿಸಲಾಗುತ್ತದೆ. ಹೀಗೆ ಹಾಕಿದ ಉರುಳು ಎಷ್ಟು ಜಗ್ಗಿದರೂ ಕಿರಿದಾಗುವುದಿಲ್ಲ. ಎರಡು ಬಿದಿರು ಗಳಗಳ ಮೇಲೆ ಕಂಬಳಿಯನ್ನು ಒಂದರ ಮೇಲೊಂದು ಮಡಚಿದರೆ ಹೊಲಿಗೆಯಿಲ್ಲದೆ ಡೋಲಿ ಸಿದ್ಧವಾಗುತ್ತದೆ, ಏಕೆಂದರೆ ಮಲಗಿದವನ ಭಾರವೇ ಮಡಿಕೆಯನ್ನು ಹಿಡಿದಿಡುತ್ತದೆ. ಕುರುಬರ ಕಂಬಳಿ ಮನೆಮನೆಯಲ್ಲಿದ್ದ ಸೀಮೆಗೆ ಇದು ಹೊರಗಿನ ವಿದ್ಯೆಯಂತೆ ತೋರಬೇಕಾಗಿಲ್ಲ. ಬಾಯಿ ಮುಚ್ಚಿದ ಖಾಲಿ ಕ್ಯಾನುಗಳನ್ನು ಕಟ್ಟಿ ತೆಪ್ಪ ಮಾಡುವ ಪಾಠವಂತೂ, ಒಣಗಿದ ಸೋರೆ ಬುರುಡೆ ಕಟ್ಟಿಕೊಂಡು ಕೃಷ್ಣೆಯನ್ನು ಈಸುತ್ತಿದ್ದವರ ಜಾಣ್ಮೆಯ ಪ್ಲಾಸ್ಟಿಕ್ ರೂಪ ಮಾತ್ರ.

ಆಪದ ಮಿತ್ರನಾಗಲು 18ರಿಂದ 40ರ ವಯಸ್ಸು ಮತ್ತು ಏಳನೆಯ ತರಗತಿಯ ಓದು ಬೇಕಿತ್ತು. ತೋಳ್ಬಲ ಬೇಡುವ ಕೆಲಸಕ್ಕೆ ವಯೋಮಿತಿ ನ್ಯಾಯವೇ ಆದರೂ, ಹಿನ್ನೀರಿನ ದಂಡೆಯಲ್ಲಿ ಸೆಳವಿನ ಗುಣವನ್ನು ಕಣ್ಣಳತೆಯಲ್ಲೇ ಹೇಳಬಲ್ಲ, ಶಾಲೆಯ ಮೆಟ್ಟಿಲು ಹತ್ತದ, ಐವತ್ತು ದಾಟಿದ ಅಂಬಿಗ ಈ ಅರ್ಹತೆಯಿಂದ ಹೊರಗೇ ಉಳಿದ. ಅವನಿಗೆ ಇಲ್ಲಿ ಕಲಿಯುವವನ ಸ್ಥಾನ ಅಷ್ಟಾಗಿ ಬೇಕಾಗಿಯೂ ಇಲ್ಲ. ಕಲಿಸುವವನ ಸ್ಥಾನ, ಅದಕ್ಕೆ ಸಲ್ಲುವ ಸಂಭಾವನೆಯೊಡನೆ, ಸಿಗಬೇಕಾಗಿತ್ತು.