ಹಿಲ್‌ಟಾಪ್‌ನ ಕಾಲೇಜು: ಬರ್ಮಿಂಗ್‌ಹ್ಯಾಮ್-ಸದರ್ನ್ (1856–2024)

ಅಮೆರಿಕದ ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮ್-ಸದರ್ನ್ ಕಾಲೇಜಿನ ಚರಿತ್ರೆಯನ್ನು ಎರಡು ಪುಸ್ತಕಗಳಿಂದ ಓದಬೇಕು. ಒಂದು ಗೆಲುವುಗಳ ಪಟ್ಟಿ, ಇನ್ನೊಂದು ಲೆಕ್ಕದ ಪುಸ್ತಕ. ಸ್ಮರಣ ಸಂಚಿಕೆಗಳು ಮೊದಲನೆಯದನ್ನು ತೆರೆಯುತ್ತವೆ, ಎರಡನೆಯದನ್ನು ಮುಚ್ಚಿಡುತ್ತವೆ. ಅಗಲಿದ ಈ ಸಂಸ್ಥೆಗೆ ಗೌರವ ಸಲ್ಲಿಸಬೇಕಾದರೆ ಎರಡನ್ನೂ ತೆರೆಯಬೇಕು.

1856ರಲ್ಲಿ ಮೆಥಡಿಸ್ಟ್ ಚರ್ಚಿನವರು ಗ್ರೀನ್ಸ್‌ಬರೊ ಎಂಬ ಸಣ್ಣ ಊರಿನಲ್ಲಿ ಸದರ್ನ್ ಯೂನಿವರ್ಸಿಟಿಯನ್ನು ಸ್ಥಾಪಿಸಿದರು. ಕಬ್ಬಿಣ, ಉಕ್ಕಿನ ನಗರವಾಗಿ ಬೆಳೆಯುತ್ತಿದ್ದ ಬರ್ಮಿಂಗ್‌ಹ್ಯಾಮ್‌ನಲ್ಲಿ 1898ರಲ್ಲಿ ಅವರದೇ ಇನ್ನೊಂದು ಕಾಲೇಜು ಶುರುವಾಯಿತು. 1918ರಲ್ಲಿ ಎರಡೂ ಒಂದಾದವು. ನಗರದ ಪಶ್ಚಿಮಕ್ಕೆ, 192 ಎಕರೆಯ ಎತ್ತರದ ಆವರಣವನ್ನು ಎಲ್ಲರೂ 'ಹಿಲ್‌ಟಾಪ್' ಎಂದೇ ಕರೆದರು. ಅಮೆರಿಕದ ಸೆನೆಟ್ ಸದಸ್ಯರಾಗಿದ್ದ ಹೊವೆಲ್ ಹೆಫ್ಲಿನ್, ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಸಂಪಾದಕರಾಗಿದ್ದ ಹೊವೆಲ್ ರೇನ್ಸ್ ಇಲ್ಲಿ ಓದಿದವರು.

ಸಣ್ಣ ಕಾಲೇಜಾದರೂ ಆಟದಲ್ಲಿ ಅದರ ಹೆಸರು ದೊಡ್ಡದು. ಸಣ್ಣ ಕಾಲೇಜುಗಳ ಕ್ರೀಡಾ ಒಕ್ಕೂಟವಾದ ಎನ್‌ಎಐಎಯ ಬ್ಯಾಸ್ಕೆಟ್‌ಬಾಲ್‌ನಲ್ಲಿ 1990 ಮತ್ತು 1995ರಲ್ಲಿ, ಬೇಸ್‌ಬಾಲ್‌ನಲ್ಲಿ 2001ರಲ್ಲಿ ಕಾಲೇಜಿನ ಆಟಗಾರರಾದ 'ಪ್ಯಾಂಥರ್ಸ್' ರಾಷ್ಟ್ರೀಯ ಚಾಂಪಿಯನ್ನರಾದರು. ಆ ಹುರುಪಿನಲ್ಲೇ ಕಾಲೇಜು ದೊಡ್ಡ ಕ್ರೀಡಾ ಒಕ್ಕೂಟವಾದ ಎನ್‌ಸಿಎಎಯ ಮೊದಲ ದರ್ಜೆಗೆ ಏರಿತು. ಅಲ್ಲಿ ಆಟಗಾರರಿಗೆ ವಿದ್ಯಾರ್ಥಿವೇತನ ಕೊಡಬೇಕು, ದೂರದ ಪ್ರಯಾಣದ ವೆಚ್ಚ ಹೊರಬೇಕು, ಎದುರಾಳಿಗಳಲ್ಲಿ ಹಲವು ತನಗಿಂತ ದೊಡ್ಡ ವಿಶ್ವವಿದ್ಯಾಲಯಗಳು. ಆ ಭಾರ ತಾಳದೆ 2006ರಲ್ಲಿ ಕಾಲೇಜು ಮೂರನೆಯ ದರ್ಜೆಗೆ ಇಳಿಯಲು ನಿರ್ಧರಿಸಿತು. 1939ರಲ್ಲಿ ನಿಂತುಹೋಗಿದ್ದ ಫುಟ್‌ಬಾಲ್ ತಂಡವನ್ನು 2007ರಲ್ಲಿ ಮತ್ತೆ ಕಟ್ಟಿತು.

ಹಣ ಉಳಿಸಲು ದರ್ಜೆ ಇಳಿದವರು ಹೊಸ ತಂಡ ಕಟ್ಟಿದ್ದೇಕೆ? ಮೂರನೆಯ ದರ್ಜೆಯಲ್ಲಿ ಆಟಕ್ಕಾಗಿ ವಿದ್ಯಾರ್ಥಿವೇತನ ಕೊಡುವಂತಿಲ್ಲ. ಆಡಬೇಕೆಂಬ ಆಸೆಯಿಂದ ಬರುವ ಹುಡುಗ ಹುಡುಗಿಯರು ಶುಲ್ಕ ಕಟ್ಟಿಯೇ ಓದುತ್ತಾರೆ. ಫುಟ್‌ಬಾಲ್ ತಂಡವೊಂದು ನೂರರಷ್ಟು ವಿದ್ಯಾರ್ಥಿಗಳನ್ನು ಕರೆತರಬಲ್ಲದು. ಹೀಗೆ ಕೋಚ್‌ಗಳೇ ಪ್ರವೇಶಾತಿಯ ಅಧಿಕಾರಿಗಳಾಗುತ್ತಾರೆ. ಆದರೆ ಸೀಟು ತುಂಬಿಸಲು ಶುಲ್ಕದಲ್ಲಿ ರಿಯಾಯಿತಿ ಬೆಳೆಯುತ್ತ ಹೋದರೆ ತಂಡ ತುಂಬುತ್ತದೆ, ಬೊಕ್ಕಸ ತುಂಬುವುದಿಲ್ಲ. ಅಮೆರಿಕದ ಅನೇಕ ಸಣ್ಣ ಕಾಲೇಜುಗಳು ಇಂದು ಸಿಕ್ಕಿಕೊಂಡಿರುವುದು ಈ ಇಕ್ಕಟ್ಟಿನಲ್ಲೇ. 2008ರ ನಂತರ ಅಲ್ಲಿ ಜನನ ಪ್ರಮಾಣ ಕುಸಿದಿರುವುದರಿಂದ ಅವು ಮುಂದೆ ಪೈಪೋಟಿ ನಡೆಸಬೇಕಿರುವುದು ಇನ್ನೂ ಕಡಿಮೆ ವಿದ್ಯಾರ್ಥಿಗಳಿಗಾಗಿ.

ಬರ್ಮಿಂಗ್‌ಹ್ಯಾಮ್-ಸದರ್ನ್‌ಗೆ ಇದರ ಜೊತೆಗೆ ಸಾಲವೂ ಇತ್ತು. 2000ರ ದಶಕದಲ್ಲಿ ಸಾಲದ ಹಣದಿಂದ ಕಟ್ಟಡಗಳು, ಕ್ರೀಡಾಂಗಣ, ಕೆರೆಯಿರುವ ಉದ್ಯಾನ ಎದ್ದವು. 2008ರ ಆರ್ಥಿಕ ಕುಸಿತ ದತ್ತಿನಿಧಿಯನ್ನು ಕರಗಿಸಿತು. 2010ರಲ್ಲಿ ವಿದ್ಯಾರ್ಥಿ ನೆರವಿನ ಲೆಕ್ಕದಲ್ಲಿ ವರ್ಷಗಳಿಂದ ನಡೆದುಬಂದಿದ್ದ ದೊಡ್ಡ ತಪ್ಪು ಬಯಲಾಯಿತು. ಅಧ್ಯಾಪಕರೂ ಸಿಬ್ಬಂದಿಯೂ ಕೆಲಸ ಕಳೆದುಕೊಂಡರು. ನಿವೃತ್ತ ಸೇನಾನಿ ಚಾರ್ಲ್ಸ್ ಕ್ರುಲಾಕ್ 2011ರಲ್ಲಿ ಅಧ್ಯಕ್ಷರಾಗಿ ಬಂದು ಸಂಬಳವಿಲ್ಲದೆ ದುಡಿದರು. 2018ರಲ್ಲಿ ಶುಲ್ಕವನ್ನೇ ಅರ್ಧಕ್ಕೆ ಇಳಿಸಲಾಯಿತು. 2023ರಲ್ಲಿ ರಾಜ್ಯದ ಶಾಸನಸಭೆ ಸಂಕಷ್ಟದಲ್ಲಿರುವ ಕಾಲೇಜುಗಳಿಗಾಗಿ 3 ಕೋಟಿ ಡಾಲರ್‌ಗಳ ಸಾಲ ಯೋಜನೆ ರೂಪಿಸಿತು. ಆದರೆ ರಾಜ್ಯದ ಖಜಾಂಚಿ ಸಾಲ ಮಂಜೂರು ಮಾಡಲಿಲ್ಲ. ಮುಚ್ಚುವ ಮಾತು ಹರಡಿದಂತೆ ಹೊಸಬರು ಹಿಂಜರಿದರು. 2022ರಲ್ಲಿ 975 ಇದ್ದ ವಿದ್ಯಾರ್ಥಿಗಳ ಸಂಖ್ಯೆ ಮರುವರ್ಷ 731ಕ್ಕೆ ಇಳಿಯಿತು. 2024ರ ಮಾರ್ಚ್ 26ರಂದು ಆಡಳಿತ ಮಂಡಳಿ ಕಾಲೇಜನ್ನು ಮುಚ್ಚಲು ಒಮ್ಮತದಿಂದ ನಿರ್ಧರಿಸಿತು.

ಆ ಸುದ್ದಿ ಬಂದಾಗ ಬೇಸ್‌ಬಾಲ್ ಋತು ಅರ್ಧ ದಾರಿಯಲ್ಲಿತ್ತು. ಕೋಚ್ ಜ್ಯಾನ್ ವೈಸ್‌ಬರ್ಗ್ ಅವರ ಹುಡುಗರು ಆಟ ಬಿಡಲಿಲ್ಲ. ಒಂದೊಂದೇ ಸುತ್ತು ಗೆದ್ದು, ಮೂರನೆಯ ದರ್ಜೆಯ ಅಂತಿಮ ಘಟ್ಟವಾದ ವರ್ಲ್ಡ್ ಸೀರೀಸ್‌ನ ಎಂಟು ತಂಡಗಳಲ್ಲಿ ಒಂದಾಗಿ ಒಹಾಯೊ ರಾಜ್ಯದ ಈಸ್ಟ್‌ಲೇಕ್‌ಗೆ ಹೋದರು. ಅವರು ಅಲ್ಲಿ ಮೊದಲ ಪಂದ್ಯ ಆಡಿದ ಮೇ 31ರಂದೇ ಕಾಲೇಜು ಅಧಿಕೃತವಾಗಿ ಮುಚ್ಚಿತು. ಮರುದಿನ, ಇಲ್ಲವಾದ ಕಾಲೇಜಿನ ಹೆಸರು ಎದೆಯ ಮೇಲೆ ಹೊತ್ತು ಆಡಿ ಗೆದ್ದರು. ಜೂನ್ 2ರಂದು ವಿಸ್ಕಾನ್ಸಿನ್-ವೈಟ್‌ವಾಟರ್ ತಂಡದೆದುರು 10–11ರಿಂದ, ಕೊನೆಯ ಇನಿಂಗ್ಸ್‌ನ ಹೊಡೆತದಲ್ಲಿ ಸೋತರು.

ಈ ಹುಡುಗರು ಕಾಲೇಜಿಗೆ ಕೊಟ್ಟ ಮಾತು ಕೊನೆಯವರೆಗೂ ಉಳಿಸಿಕೊಂಡರು. ಕಾಲೇಜು ಅವರಿಗೆ ಕೊಟ್ಟ ಮಾತು ಮುರಿದದ್ದು ಅವರು ಅಂಗನವಾಡಿಯ ವಯಸ್ಸಿನಲ್ಲಿದ್ದಾಗ, ಸಾಲದ ಕಾಗದಕ್ಕೆ ಸಹಿ ಬಿದ್ದ ಸಭೆಗಳಲ್ಲಿ. ಕ್ರೀಡೆ ಈ ಸಂಸ್ಥೆಯನ್ನು ಮುಳುಗಿಸಲಿಲ್ಲ, ಅದನ್ನು ಎತ್ತುವ ಶಕ್ತಿಯೂ ಕ್ರೀಡೆಗಿರಲಿಲ್ಲ. ಮೈದಾನದಲ್ಲಿ ಪ್ರತಿ ಓಟವೂ ಎಲ್ಲರ ಕಣ್ಣೆದುರು ದಾಖಲಾಗುತ್ತದೆ. ಆಡಳಿತದ ಲೆಕ್ಕವೂ ಅಷ್ಟೇ ಬಯಲಲ್ಲಿ, ಅಧ್ಯಾಪಕರ, ವಿದ್ಯಾರ್ಥಿಗಳ, ಪೋಷಕರ ಎದುರು ವರ್ಷವರ್ಷವೂ ಮಂಡನೆಯಾಗಬೇಕು. ಇಂದು ಬಾಗಿಲು ತೆರೆದಿರುವ ಸಣ್ಣ ಕಾಲೇಜುಗಳು ಹಿಲ್‌ಟಾಪ್‌ನ ನೆನಪಿಗೆ ಸಲ್ಲಿಸಬಹುದಾದ ನಿಜವಾದ ಗೌರವ ಅದು.